ಖಾಲಿ ಡಬ್ಬಿಯ ತೂಕ

ಈ ತಿಂಗಳು ದೇವರ ಕೋಣೆಯ ಹತ್ತಿ ಬೇಗ ಮುಗಿಯಿತು. ಬತ್ತಿ ಹೊಸೆಯುವವಳು ನಾನೊಬ್ಬಳೇ. ಯಾವಾಗ ಹೊಸ ಕಟ್ಟು ತರಬೇಕೆಂದು ನನ್ನ ಬೆರಳುಗಳಿಗೇ ಗೊತ್ತಿರುತ್ತದೆ. ಮನೆಯಲ್ಲಿ ಇರುವುದು ಮೂವರು. ಗಂಡ ಚಂದು ಬೆಳಗಾಗುವ ಮೊದಲೇ ಪಲ್ಲಾವರಂನ ನಮ್ಮ ಹೋಟೆಲಿಗೆ ಹೊರಡುತ್ತಾರೆ. ಉಳಿದವನು ಮಗ ಸುಕೇಶ್, ಶೋಳಿಂಗನಲ್ಲೂರಿನ ಆಫೀಸಿಗೆ ಹೋಗುವವನು. ಅವನು ದೀಪ ಹಚ್ಚಿದ್ದನ್ನು ನಾನಂತೂ ನೋಡಿಲ್ಲ.

ಶನಿವಾರ ಅವನಿಗೆ ರಜೆ. ತರಕಾರಿ ತೊಳೆದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವನ ಕೋಣೆಗೆ ಹೋದೆ. ಮೇಜಿನ ಮೇಲೆ ಸ್ಕ್ರೂಡ್ರೈವರಿಗೆ ಸುತ್ತಿದ ತಂತಿ, ಒಂದು ಸ್ಟೀಲಿನ ಕೊಳವೆ, ಮಲ್ಟಿಮೀಟರ್, ಪಕ್ಕದಲ್ಲಿ ನನ್ನ ಹತ್ತಿ.

“ಎಂತ ಮಾರಾಯ, ಯಾವ ದೇವರಿಗೆ ಬತ್ತಿ?”

ಅವನು ಬೆಚ್ಚಿದ. “ಸುಮ್ಮಾ, ಮಾ. ಆಫೀಸ್ ವೇಲೆ, ಕೆಲಸ.”

“ಪಾಪ, ಆಫೀಸಿನವರು ಹತ್ತಿ ಸಹ ಕೊಡುವುದಿಲ್ವಾ?”

ಆಮೇಲೆ ಬಾಯಿ ಬಿಟ್ಟ. ಸಿಗರೇಟು ಬಿಡಲೆಂದು ವೇಪ್, ಅಂದರೆ ಸೆಲ್ ಹಾಕಿ ಆವಿ ಎಳೆಯುವ ಕೊಳವೆ, ಹಿಡಿದಿದ್ದಾನಂತೆ. ಅದನ್ನು ಮಾರುವುದನ್ನು ಸರಕಾರ ನಿಷೇಧಿಸಿದೆ. ಗೆಳೆಯನೊಬ್ಬ ಕೊಟ್ಟ ಹಳೆಯದರ ಕಾಯಿಲ್, ಒಳಗೆ ಕಾಯುವ ತಂತಿಸುರುಳಿ, ಸುಟ್ಟುಹೋಗಿದೆ, ಹೊಸದು ಸಿಗುತ್ತಿಲ್ಲ. ಹಾಗಾಗಿ ಮನೆಯಲ್ಲೇ ತಂತಿ ಸುತ್ತಿ, ನಡುವೆ ಹತ್ತಿ ತೂರಿಸುತ್ತಿದ್ದಾನೆ. ಬೈಗುಳ ನಾಲಿಗೆಯ ತುದಿಯವರೆಗೆ ಬಂತು. ಬೈದರೆ ಬಾಗಿಲು ಹಾಕಿಕೊಂಡು ಮಾಡುತ್ತಾನೆ. ತೆರೆದಿರುವುದೇ ವಾಸಿ ಎಂದು ನುಂಗಿಕೊಂಡೆ.

“ಅದು ಸಿಡಿಯುವುದಿಲ್ವಾ?”

“ಅದಕ್ಕೇ ಅಲ್ವಾ ಮೀಟರು!” ಎಂದ. ಅವನಿಗೆ ಮಗ್ಗಿ ಹೇಳಿಕೊಡುವಾಗ ನನಗಿದ್ದ ತಾಳ್ಮೆ ಈಗ ಅವನ ದನಿಯಲ್ಲಿತ್ತು. “ಕಾಯಿಲಿನ ರೆಸಿಸ್ಟೆನ್ಸ್ ಕಡಿಮೆಯಾದ್ರೆ ಸೆಲ್ಲಿನಿಂದ ಕರೆಂಟ್ ಜಾಸ್ತಿ ಎಳೀತದೆ. ಸೆಲ್ ಬಿಸಿಯಾಗಿ ಸಿಡೀಬಹುದು. ಇದು ಸಾದಾ ಟ್ಯೂಬು, ತಡೀಲಿಕ್ಕೆ ಒಳಗೆ ಚಿಪ್ ಇಲ್ಲ. ಈ ಸೆಲ್ ತಾಳೋದು ಇಪ್ಪತ್ತು ಆಂಪಿಯರ್. ಸೆಲ್ ಹೊರಗಿಟ್ಟು, ಮೊದಲು ಅಳೀಬೇಕು. ನಾನೆಂತ ಮಂಗನಾ?”

“ಯಾರು ಹೇಳಿದ್ದು ಹಾಗೆ? ಬಾಯಿಯ ಹತ್ತಿರ ಹಿಡಿಯುವ ವಸ್ತು ಅಂತ ಕೇಳಿದೆ, ಅಷ್ಟೆ.”

ಮೀಟರಿನ ಎರಡು ಮೊನೆಗಳನ್ನು ಕಾಯಿಲಿಗೆ ಒತ್ತಿದ. “ಪಾಯಿಂಟ್ ನಾಲ್ಕು ಓಮ್. ತುಂಬಿದ ಸೆಲ್ ನಾಲ್ಕು ಪಾಯಿಂಟ್ ಎರಡು ವೋಲ್ಟ್. ಭಾಗಿಸಿದ್ರೆ ಹತ್ತೂವರೆ ಆಂಪಿಯರ್. ಸೇಫ್.” ಕೈ ಸೆಲ್ಲಿನ ಕಡೆ ಹೋಯಿತು.

ನಮ್ಮ ಹೋಟೆಲಿನಲ್ಲಿ ತುಪ್ಪ ತೂಗುವ ಮೊದಲು ಖಾಲಿ ಡಬ್ಬಿ ತೂಗುತ್ತಾರೆ. ಅತ್ತೆಯ ಕಾಲದ ಕಟ್ಟಳೆ. ಹೊಸದಾಗಿ ಸೇರಿದವರು ಮೇಜು ಒರೆಸುವುದಕ್ಕಿಂತ ಮೊದಲು ಇದನ್ನು ಕಲಿಯಬೇಕು. ಆ ಅಭ್ಯಾಸದಿಂದಲೇ ಬಾಯಿಗೆ ಬಂದುಬಿಟ್ಟಿತು.

“ಡಬ್ಬಿಯ ತೂಕ ಕಳೆದಿಯಾ?”

“ಯಾವ ಡಬ್ಬಿ?”

“ಈ ಮೀಟರಿನ ಕೆಂಪು ವಯರು, ಕಪ್ಪು ವಯರು. ಅವೂ ತಂತಿಯೇ ಅಲ್ವಾ? ಅವುಗಳದ್ದು ಯಾರ ಲೆಕ್ಕಕ್ಕೆ?”

“ಅಯ್ಯೋ ಅಮ್ಮಾ, ಇದು ತುಪ್ಪ ಅಲ್ಲ!” ಎಂದು ನಕ್ಕ. ನನ್ನ ಸಮಾಧಾನಕ್ಕೆಂದು ಎರಡು ಮೊನೆಗಳನ್ನು ಒಂದಕ್ಕೊಂದು ತಾಗಿಸಿದ.

ಮೀಟರು ಪಾಯಿಂಟ್ ಮೂರು ತೋರಿಸಿತು. ಮೊನೆಗಳನ್ನು ಒರೆಸಿ ಮತ್ತೆ ತಾಗಿಸಿದ. ಆಗಲೂ ಅಷ್ಟೇ ತೋರಿಸಿತು. ನಗು ನಿಂತಿತು.

“ಹಾಗಾದ್ರೆ ಕಾಯಿಲು ಬರೇ ಪಾಯಿಂಟ್ ಒಂದು.”

“ಆಂಪಿಯರ್ ಎಷ್ಟಾಯ್ತು ಮಗಾ?”

“ನಲವತ್ತೆರಡು,” ಎಂದ, ಮೇಜಿಗೆ ಹೇಳಿದ ಹಾಗೆ.

ನಾನು ಅವನ ತುಟಿ, ಗಲ್ಲ ನೋಡುತ್ತ ನಿಂತೆ. ಅವನೇ ಕಾಯಿಲು ಬಿಚ್ಚಿ ಎಸೆದ. ಇಷ್ಟು ಸಣ್ಣ ಅಳತೆಗೆ ಈ ಮೀಟರು ಆಗದು, ಅದಕ್ಕೇ ಮಾಡಿದ ಓಮ್ ಮೀಟರ್ ಬೇರೆ ಇದೆ ಎಂದು ಗೊಣಗಿಕೊಂಡ. ಇನ್ನೂ ಸಪೂರದ ತಂತಿ ತೆಗೆದು, ಹೆಚ್ಚು ಸುತ್ತು ಹಾಕಿ, ಸ್ಕ್ರೂ ಬಿಗಿದು ಅಳೆದ. ವಯರಿನದ್ದು ಕಳೆದು ಪಾಯಿಂಟ್ ಒಂಬತ್ತು ಉಳಿಯಿತು. ಐದು ಆಂಪಿಯರ್ ಸಹ ಇಲ್ಲವಂತೆ. ಸೆಲ್ ಒಳಗೆ ಹಾಕಿದ.

“ನೀನು ಅಡುಗೆಮನೆಗೆ ಹೋಗಮ್ಮ.”

“ಎಂತಕ್ಕೆ?”

“ನಾನು ಬಟನ್ ಒತ್ತುವಾಗ ನೀನು ಹತ್ತಿರ ಇರ್ಬೇಡ.”

“ಸೇಫ್ ಅಂದಿ ಅಲ್ವಾ?”

“ಸೇಫೇ. ಆದ್ರೂ.”

“ಈ ‘ಆದ್ರೂ’ ಅಂದ್ರೆ ಎಷ್ಟು ಓಮ್?”

ನಾನು ಒಳಗೆ ಹೋಗಿ ತೊಳೆದಿಟ್ಟ ಅಲಸಂಡೆಯ ತಟ್ಟೆ ತಂದು ಅವನ ಮಂಚದ ಮೇಲೆ ಕುಳಿತು ಮುರಿಯತೊಡಗಿದೆ.

“ಎಷ್ಟು ಹೊತ್ತು ಕೂರ್ತಿ?”

“ಇವತ್ತು ಅಲಸಂಡೆ. ನಾಳೆ ನುಗ್ಗೆಸೊಪ್ಪು ಬಿಡಿಸ್ಲಿಕ್ಕುಂಟು, ಅದಕ್ಕೆ ತುಂಬಾ ಹೊತ್ತು ಬೇಕು. ನಾಡಿದ್ದು ನೀನು ರಜೆ ಹಾಕಿದ್ರೆ ಅಕ್ಕಿ ಆರಿಸುವ.”

“ಪೋದುಂ ಮಾ, ಸಾಕು!”

“ನೀನು ಒತ್ತು ಮಗಾ. ನಾನೆಂತ ಬೇಡ ಹೇಳಿದ್ನಾ?”

ಹೆಬ್ಬೆರಳು ಬಟನ್ನಿನ ಮೇಲಿತ್ತು. ನನ್ನನ್ನು ನೋಡಿದ, ಕೊಳವೆಯನ್ನು ನೋಡಿದ, ಮತ್ತೆ ನನ್ನನ್ನು. ಮುಚ್ಚಳ ತಿರುಗಿಸಿ ಸೆಲ್ ಹೊರಗೆ ತೆಗೆದು ಡ್ರಾಯರಿನಲ್ಲಿಟ್ಟ. ಕುರ್ಚಿ ಎಳೆದುಕೊಂಡು ಬಂದು ತಟ್ಟೆಗೆ ಕೈ ಹಾಕಿದ.

“ಇದರ ನಾರು ತೆಗೀಬೇಕಾ?”

“ಎರಡೂ ಬದಿಯದ್ದು,” ಎಂದೆ.