ನೀರಿನ ಮೇಲೆ ಹೇಳದ ಹೆಸರು

"ಇದರ ನಿಜವಾದ ಹೆಸರು ಹೇಳಿಬಿಡಕ್ಕಾ, ಬರ್ಕೊಂಡು ಸುಮ್ನಾಗ್ತೀನಿ," ಎಂದ ನಕ್ಷೆ ಬರೆಯುವ ಫಾಲ್ಸೆನ್, ಮೊಣಕಾಲ ಮೇಲೆ ಪುಸ್ತಕ ತೆರೆದು.

ಹೆರ್ಬೋರ್ಗ್ ದೋಣಿಯ ಹುಟ್ಟು ಹಾಕುತ್ತಲೇ ಇದ್ದಳು. ನಾರ್ವೆಯ ಆ ದಡದಿಂದ ಕಡಲಿಗೆ ಮೂಗು ಚಾಚಿದ್ದ ಭೂಶಿರವನ್ನು ನೀರಿನ ಮೇಲಿದ್ದಾಗ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. 'ಅತ್ತೆ' ಎನ್ನುತ್ತಿದ್ದರು. ಹೆಸರು ಕಿವಿಗೆ ಬಿದ್ದರೆ ಅತ್ತೆ ತಿರುಗಿ ನೋಡುತ್ತಾಳೆ. ನೋಡಿದರೆ ಮುಗಿಯಿತು, ಮನೆ ಸೇರಿದಂತೆಯೇ.

"ಅತ್ತೆ ಅಂತಲೇ ಬರ್ಕೊಳ್ಳಿ ಸಾಹೇಬ್ರೇ."

"ನಕ್ಷೇಲಿ ಅತ್ತೇನಾ?" ಅವನು ಗಂಟಲು ದಪ್ಪ ಮಾಡಿ ಮೇಲಧಿಕಾರಿಯನ್ನು ಅಣಕಿಸಿದ: "'ಫಾಲ್ಸೆನ್, ಹಾಗಾದ್ರೆ ಮಾವ ಎಲ್ಲಪ್ಪಾ?'"

ಅವಳಿಗೆ ಬಂದ ನಗು ಅರ್ಧಕ್ಕೇ ನಿಂತಿತು. ಗಾಳಿ ಪಡುವಣಕ್ಕೆ ತಿರುಗಿತ್ತು. ಭೂಶಿರದ ತುದಿಯಲ್ಲಿ ಅಲೆಗಳು ಬೆಳ್ಳಗೆ ಒಡೆಯುತ್ತಿದ್ದವು. ಮೂರು ವರ್ಷದ ಹಿಂದೆ ಅಲ್ಲಿಂದ ಈ ದೋಣಿ ಮಗುಚಿಕೊಂಡು ಬಂದಿತ್ತು, ಗಂಡ ಬಂದಿರಲಿಲ್ಲ. ಈಗ ಅವಳ ಹೊಟ್ಟೆಪಾಡೆಲ್ಲ ಇದೇ ದೋಣಿ.

"ಸುತ್ತಕ್ಕಾಗಲ್ಲ. ಕುತ್ತಿಗೇಲಿ ದಾಟೋಣ."

ಕುತ್ತಿಗೆ ಅಂದರೆ ಭೂಶಿರದ ನೆಲ ಸಣ್ಣಗಾದ ಕಡೆ; ಈ ಕಡಲಿನಿಂದ ಆ ಕಡಲಿಗೆ ನೂರೈವತ್ತು ಹೆಜ್ಜೆ, ದೋಣಿಯನ್ನು ನೆಲದ ಮೇಲೆ ಎಳೆದೇ ದಾಟಿಸಬೇಕು. ದಾರಿಗೆ ಅಡ್ಡಡ್ಡ ಹೂತ ಮರದ ದಿಮ್ಮಿಗಳು. ಒಂದೊಂದರ ನಡುಮಧ್ಯದಲ್ಲೂ ತಲೆಮಾರುಗಳ ದೋಣಿಗಳು ಉಜ್ಜಿ ಮಾಡಿದ ತಗ್ಗು. ನಾಲ್ವರ ಕೆಲಸ ಅದು. ಅಂದು ಒಬ್ಬನೇ ಇದ್ದುದಕ್ಕೇ ಗಂಡ ತುದಿ ಸುತ್ತಿ ಹೋಗಿದ್ದ.

"ಪೆನ್ಸಿಲ್ ಹಿಡ್ದಂಗೆ ಹಿಡೀಬೇಡಿ ಹಗ್ಗಾನ! ಎಳೀರಿ!"

ಏರಿನ ಅರ್ಧದಲ್ಲಿ ಒಂದು ದಿಮ್ಮಿ ಕೊಳೆತುಹೋಗಿತ್ತು. ದೋಣಿ ಹಿಂದಕ್ಕೆ, ಕೆಳಗಿನ ಬಂಡೆಗಳತ್ತ ಜಾರತೊಡಗಿತು. ಹೆರ್ಬೋರ್ಗ್ ಹಗ್ಗವನ್ನು ಸೊಂಟಕ್ಕೆ ಸುತ್ತಿ ಹಿಮ್ಮಡಿ ಊರಿದಳು.

"ದೋಣಿ ಕೆಳಗೆ ಏನಾದ್ರೂ ಕೊಡ್ರೀ! ಏನಾದ್ರೂ!"

ಫಾಲ್ಸೆನ್ ಆಚೀಚೆ ನೋಡಿದ. ಬೆಳಗಿನಿಂದ ಹನಿ ತಾಗದಂತೆ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕೆಂಪು ಬಿಳಿ ಪಟ್ಟೆಯ ಅಳತೆಗೋಲನ್ನು ಎಳೆದು ದೋಣಿಯ ಅಡಿಗೆ ತುರುಕಿದ. ಅದು ಚಟ್ಟೆಂದಿತು. ಆದರೆ ತಡೆಯಿತು.

"ಈಗ!"

ಆಚೆಯ ನೀರು ತಣ್ಣಗೆ ಮಲಗಿತ್ತು. ದೋಣಿ ತೇಲಿತು. ಹೆರ್ಬೋರ್ಗ್ ಒಂದು ಕಾಲನ್ನು ನೀರಿಗಿಟ್ಟಳು.

"ಅಕ್ಕಾ, ಹೆಸರು?" ಫಾಲ್ಸೆನ್ ಈ ಸಲ ಪುಸ್ತಕ ತೆರೆದಿರಲಿಲ್ಲ. ಅಂಗೈ ಸುಲಿದಿತ್ತು.

ಅವಳು ಕಾಲನ್ನು ಹಿಂದಕ್ಕೆಳೆದು ಒಣಕಲ್ಲಿನ ಮೇಲಿಟ್ಟಳು. ಕಡಲಿಗೆ ಬೆನ್ನು ಹಾಕಿದಳು.

"ಡ್ರಾಗ್‌ನೆಸ್," ಅಂದಳು ಮೆಲ್ಲಗೆ. "ಎಳ್ಕೊಂಡು ದಾಟೋ ಮೂಗು. ಯಾಕೆ ಆ ಹೆಸರು ಅಂತಾನೂ ಬೇಕಾ?"

ಅಳತೆಗೋಲಿನ ನಡುವೆ ದೋಣಿ ಉಜ್ಜಿ ಬಣ್ಣ ಕಿತ್ತುಹೋಗಿದ್ದ ಹೊಸ ತಗ್ಗಿನಲ್ಲಿ ಅವನ ಹೆಬ್ಬೆರಳು ಹೋಗಿಬರುತ್ತಿತ್ತು.