ಮೂರನೇ ಕಣಜದ ಗೋಡೆ

ಅಮ್ಮನ ಬಲಗೈಯನ್ನು ಬೋಗುಣಿಯ ಬೆಚ್ಚನೆ ನೀರಿನಲ್ಲಿ ಅದ್ದಿ ಮಗಳು ಉಗುರಿನ ಸಂದಿ ಉಜ್ಜುತ್ತಿದ್ದಳು. ಎಷ್ಟು ಉಜ್ಜಿದರೂ ಒಳಗೆ ಸೇರಿದ ಹಸಿರು ಬಣ್ಣದ ಪುಡಿ ಹೋಗಲೊಲ್ಲದು. ಪಶು ಆಹಾರದ ಕಾರ್ಖಾನೆಯಲ್ಲಿ ಆಯುಸ್ಸೆಲ್ಲ ತೇಯ್ದವಳ ಉಗುರು ಅಷ್ಟು ಸುಲಭಕ್ಕೆ ಬೆಳ್ಳಗಾಗುವುದುಂಟೆ! ನೀರಿನಲ್ಲಿ ಎಷ್ಟು ಹೊತ್ತು ಇಟ್ಟರೂ ಕೈ ಮಾತ್ರ ತಣ್ಣಗೇ ಇತ್ತು.

"ಬಿಡೇ, ಸಾಕು. ಅದೂ ಅಕ್ಕನ ಜೊತೆಗೇ ಹೋಗ್ಲಿ," ಎಂದಳು ಚಿಕ್ಕಮ್ಮ.

ಬಾಗಿಲ ಬಳಿ ನಾಯಿ ನಿಂತಿತ್ತು. ಅಮ್ಮ ಕೆಲಸದಿಂದ ಬಂದೊಡನೆ ಅವಳ ಅಂಗೈ ನೆಕ್ಕದೆ ಬಿಡುತ್ತಿರಲಿಲ್ಲ ಅದು. ಈಗ ಆ ಕೈಯತ್ತ ಮೂಗು ಚಾಚಿ, ಬೆನ್ನ ಕೂದಲು ನಿಮಿರಿಸಿ, ಸದ್ದಿಲ್ಲದೆ ಹಿಂದಕ್ಕೆ ಸರಿಯಿತು.

"ಮೊನ್ನೆ ಸಂಜೆಯಿಂದ್ಲೂ ಹೀಗೇ ಆಡ್ತಿದೆ," ಚಿಕ್ಕಮ್ಮ ದನಿ ತಗ್ಗಿಸಿದಳು. "ಆಗಿನ್ನೂ ಅಕ್ಕ ಗುಂಡುಕಲ್ಲಿನ ಹಾಗೆ ಓಡಾಡ್ಕೊಂಡಿದ್ಲು. ಮಲಗಿದವಳು ನಿನ್ನೆ ಏಳ್ಲೇ ಇಲ್ಲ. ನಾಯಿಗೆ ಮೊದಲೇ ಗೊತ್ತಾಗುತ್ತಂತೆ ಕಣೇ."

 ಅತ್ತು ಅತ್ತು ಮಗಳ ಮೂಗು ಕಟ್ಟಿಹೋಗಿತ್ತು. ಅವಳು ಅಮ್ಮನ ಕೈ ಒರೆಸಿ, ಅದನ್ನು ಅಮ್ಮನ ಎದೆಯ ಮೇಲೆ ಇಟ್ಟಳು.

ಕಾರ್ಖಾನೆಯ ಮ್ಯಾನೇಜರ್ ಬಂದವನು ಅಮ್ಮನಿಗೆ ಕೈ ಮುಗಿದ. ಆಮೇಲೆ ಮಗಳನ್ನು ಹಿತ್ತಿಲಿಗೆ ಕರೆದ.

"ಸಾವಿನ ಮನೇಲಿ ಕೇಳೋ ಮಾತಲ್ಲಮ್ಮ ಇದು. ಮೊನ್ನೆ ನೀನು ರಜ ಹಾಕಿದ್ದೆಯಲ್ಲ, ಅವತ್ತು ನಿಮ್ಮಮ್ಮ, ಮಾಲು ಹೊರಗೆ ಹೋಗಬಾರದು ಅಂತ ಮೂರನೇ ಕಣಜಕ್ಕೆ ಕೆಂಪು ಚೀಟಿ ಅಂಟಿಸಿ ಹೋದ್ರು. ಯಾಕೆ ಅಂತ ಕೇಳಿದ್ರೆ, ಬೆಳಿಗ್ಗೆ ಬಂದು ಹೇಳ್ತೀನಿ ಅಂದ್ರು."

ಬೆಳಿಗ್ಗೆ ಅವಳು ಬರಲಿಲ್ಲ.

"ಕಣಜದ ಕೆಳಗಿನ ಬಾಯಿಂದ ಪುಡಿ ತೆಗೆದು ಪರೀಕ್ಷೆ ಮಾಡಿಸಿದ್ವಿ. ಏನೂ ಇಲ್ಲ. ದನ ಸಾಕಿರೋರು ಗೇಟಿನ ಹತ್ರ ಕಾಯ್ತಿದಾರೆ. ಇಷ್ಟು ವರ್ಷ ಮಾಲು ಮೂಸಿ ಹೇಳ್ತಿದ್ದ ನಿಮ್ಮಮ್ಮನ ಮೂಗನ್ನ ನಂಬಿದ್ದೀನಿ, ಈಗ ನೀನೇ ಹೇಳು. ಹೂಂ ಅಂದ್ರೆ ಚೀಟಿ ಕೀಳ್ತೀನಿ."



*

ಕಾರ್ಖಾನೆಯವರು ಅಮ್ಮನಿಗೆ ಇಟ್ಟ ಹೆಸರು ಅನುಮಾನದಕ್ಕ. ಒಂದೊಂದು ಯಂತ್ರದ ಮುಂದೆಯೂ ನಿಂತು ಅವಳು ಕೇಳುತ್ತಿದ್ದದ್ದು ಅವೇ ಪ್ರಶ್ನೆಗಳು. ಇಲ್ಲಿ ಏನು ಕೆಡಬಹುದು? ಕೆಟ್ಟರೆ ನಮಗೆ ಗೊತ್ತಾಗುತ್ತಾ? ಗೊತ್ತಾಗದಿದ್ದರೆ ಯಾರು ಸಾಯುತ್ತಾರೆ? ಜೋಳದಲ್ಲಿ ಮೊಳೆ, ತೇವಕ್ಕೆ ಒಳಗೊಳಗೇ ಬಿಸಿಯಾಗಿ ಹಿಂಡಿಗೆ ಬೂಷ್ಟು ಹಿಡಿಯುವುದು, ಕೋಳಿಯ ಔಷಧಿ ಬೆರೆತ ಪುಡಿ ಕುದುರೆಯ ಚೀಲಕ್ಕೆ ಬೀಳುವುದು, ಎಲ್ಲವೂ ಅವಳ ಕಣ್ಣ ಮುಂದೆ ಕುಣಿಯುತ್ತಿದ್ದವು. ಮಗಳನ್ನು ನೋಡಲು ಬಂದ ಗಂಡಿನ ಮುಂದೆಯೂ ಅವೇ ಪ್ರಶ್ನೆ ಕೇಳಿದ್ದಳು. ಪಾಪ, ಅವನು ತಿಂಡಿಯನ್ನೂ ಮುಟ್ಟದೆ ಎದ್ದುಹೋದ.

"ಇಷ್ಟೊಂದು ಯಾಕಮ್ಮ?" ಎಂದು ಮಗಳು ರೇಗಿದ್ದಳು.

"ಮನುಷ್ಯರಾದ್ರೆ ತಟ್ಟೆ ತಳ್ತಾರೆ, ಬೈತಾರೆ. ಹಸು ಹಾಗಲ್ಲ ಕಣೇ. ಮುಂದೆ ಹಾಕಿದ್ದನ್ನ ನಂಬಿ ತಿನ್ನುತ್ತೆ."

*

ಮ್ಯಾನೇಜರಿಗೆ ಗೊತ್ತಿಲ್ಲದ್ದು ಒಂದಿತ್ತು. ಕಳೆದ ವರ್ಷದ ಜ್ವರದಲ್ಲಿ ಅಮ್ಮನ ಮೂಗು ಸತ್ತಿತ್ತು. ಒಂದು ದಿನ ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆಯ ವಾಸನೆ. ಅಮ್ಮ ಅಡುಗೆಮನೆಗೆ ಬೆನ್ನು ಹಾಕಿ ನೆಮ್ಮದಿಯಾಗಿ ಬಟ್ಟೆ ಮಡಿಸುತ್ತಿದ್ದಳು. ಮಗಳು ಓಡಿ ಬಂದು ಒಲೆ ಆರಿಸಿದಾಗ ಇಬ್ಬರೂ ಮುಖ ಮುಖ ನೋಡಿಕೊಂಡರು.

ಅಂದಿನಿಂದ ಲಾರಿ ಬಂದಾಗ ಪಕ್ಕದಲ್ಲಿ ನಿಂತು ಮೂಸುವವಳು ಮಗಳು, ಹೇಳುವವಳು ಅಮ್ಮ. ವಾಸನೆ ಸರಿಯಿಲ್ಲದಿದ್ದರೆ ಮಗಳು ಕೆಮ್ಮಬೇಕು. ಒಮ್ಮೆ ಅವಳಿಗೆ ನಿಜವಾದ ಕೆಮ್ಮೇ ಬಂದು, ಒಂದು ಲಾರಿ ಚಿನ್ನದಂಥ ಜೋಳ ವಾಪಸ್ಸು ಹೋಗಿತ್ತು. ಆ ಸಂಜೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಆದರೆ ಮೊನ್ನೆ ಕೆಮ್ಮಲು ಯಾರೂ ಇರಲಿಲ್ಲ. ಹಾಗಾದರೆ ಚೀಟಿ ಯಾಕೆ? ಬರೀ ಹೆದರಿಕೆಗೋ, ಕೊನೆಗಾಲದ ಭ್ರಮೆಗೋ? ನಿಜ ಹೇಳಿದರೆ ಅಮ್ಮನ ಹೆಸರು ಮಣ್ಣುಪಾಲು. ಸುಮ್ಮನೆ ಹೂಂ ಅಂದರೆ, ಒಂದು ವೇಳೆ ಅಮ್ಮನೇ ಸರಿಯಾಗಿದ್ದರೆ, ಎಷ್ಟು ಕೊಟ್ಟಿಗೆಗಳು ಬರಿದಾಗುತ್ತವೋ.

*

"ಮಣ್ಣು ಮುಗಿಸಿಕೊಂಡು ಬರ್ತೀನಿ ಸಾರ್," ಎಂದಿದ್ದಳು ಮಗಳು. ಹಾಗೇ ಸ್ಮಶಾನದಿಂದ ಮ್ಯಾನೇಜರ್ ಜೊತೆ ನೇರ ಕಾರ್ಖಾನೆಗೆ ಬಂದಳು. ಅಂದು ಯಂತ್ರ ನಿಲ್ಲಿಸಿದ್ದರು. ಅಷ್ಟು ದೊಡ್ಡ ಕಟ್ಟಡ ಉಸಿರು ಬಿಗಿಹಿಡಿದು ನಿಂತಂತಿತ್ತು. ತಗಡಿನ ಕಣಜಗಳು ಸೂರಿನೆತ್ತರಕ್ಕೆ ಸಾಲಾಗಿ ನಿಂತಿದ್ದವು. ಮೊದಲೆರಡರ ಬುಡದಲ್ಲಿ ಚೆಲ್ಲಿದ ಪುಡಿಗೆ ಗುಬ್ಬಿಗಳು ಮುತ್ತಿಕೊಂಡು ಜಗಳವಾಡುತ್ತಿದ್ದವು. ಮೂರನೆಯದರ ಬುಡದಲ್ಲೂ ಪುಡಿ ಚೆಲ್ಲಿತ್ತು. ಅಲ್ಲಿ ಒಂದು ಗುಬ್ಬಿಯೂ ಇರಲಿಲ್ಲ.

"ಮೂಸಿ ನೋಡಮ್ಮ," ಎಂದ ಮ್ಯಾನೇಜರ್.

ಅವಳು ಬಗ್ಗಿ ಮೂಸಿದಳು. ಅತ್ತು ಕಟ್ಟಿದ ಮೂಗಿಗೆ ಏನೂ ತಿಳಿಯಲಿಲ್ಲ. ಅಮ್ಮನ ಹಾಗೆಯೇ ಈಗ ತಾನೂ, ಎಂದುಕೊಂಡಾಗ ಅವಳಿಗೆ ಭಯವೇ ಆಯಿತು. ಮೂಗಿಲ್ಲದ ಅಮ್ಮ ಇಲ್ಲಿ ಏನು ಮಾಡಿರಬಹುದು?

ಅವಳು ಕಣಜವನ್ನು ಸುತ್ತು ಹಾಕಿ, ಯಾರೂ ಹೋಗದ ಹಿಂಬದಿಗೆ ಬಂದಳು. ಬಿಸಿಲು ಎಂದೂ ಬೀಳದ ಮೂಲೆ ಅದು. ತಗಡಿನ ಮೇಲೆ ವರ್ಷಗಳ ಧೂಳು ಬೆರಳಷ್ಟು ದಪ್ಪ ಕೂತಿತ್ತು. ಜೋಡಣೆಯ ಸಂದಿಯಿಂದ ಹಸಿರು ಪುಡಿ ಸಣ್ಣಗೆ ಉದುರಿತ್ತು. ಬೆಳಿಗ್ಗೆ ಎಷ್ಟು ತೊಳೆದರೂ ಹೋಗದ ಬಣ್ಣ. ಅದರ ಪಕ್ಕದಲ್ಲಿ, ಎದೆಯೆತ್ತರದಲ್ಲಿ, ಧೂಳಿನ ನಡುವೆ ಒಂದು ಅಂಗೈ ಗುರುತು ನಿಚ್ಚಳವಾಗಿತ್ತು.

"ಏನಮ್ಮ, ಏನಾದ್ರೂ ಸಿಕ್ತಾ?" ಮ್ಯಾನೇಜರ್ ಆ ಕಡೆಯಿಂದಲೇ ಕೂಗಿದ.

 ಮಗಳು ಬಲಗೈ ಎತ್ತಿ ಆ ಗುರುತಿನ ಮೇಲೆ ಇಟ್ಟಳು. ಬೆರಳಿಗೆ ಬೆರಳು ಸರಿಯಾಗಿ ಕೂತಿತು. ತಗಡು, ಜ್ವರ ಬಂದವರ ಕೈಯಂತೆ, ಬೆಚ್ಚಗಿತ್ತು.