ಕೆಂಪು ಕೋಟಿನ ಹಾಡುಗಾರ

ಬ್ರೆಡ್ಡಿನ ಹಿಟ್ಟನ್ನು ಅರ್ಧ ನಾದಿದ್ದೆ, ಠಾಣೆಯ ಬಾಗಿಲ ಗಂಟೆ ಬಾರಿಸಿತು. ನಮ್ಮ ಅಡುಗೆಮನೆಗೂ ಪೊಲೀಸ್ ಠಾಣೆಗೂ ನಡುವೆ ಇದ್ದದ್ದು ಒಂದೇ ಬಾಗಿಲು. ನನ್ನ ಗಂಡ ಎಮ್ರಿಸ್ ಪ್ಯೂ, ಆ ಠಾಣೆಯ ಒಬ್ಬನೇ ಕಾನ್‌ಸ್ಟೆಬಲ್, ಹೆದ್ದಾರಿಯ ಕಡೆ ಹೋಗಿದ್ದ. ಅವನಿಲ್ಲದ ಹೊತ್ತಿನಲ್ಲಿ ಠಾಣೆ ಎಂದರೆ ನಾನೇ. ಫೋನ್ ಎತ್ತಬೇಕು, ತಪ್ಪಿಸಿಕೊಂಡ ದನದ ದೂರು ಕೇಳಬೇಕು, ಕಂಬಿಯ ಹಿಂದೆ ಯಾರಾದರೂ ಇದ್ದರೆ ಅವರಿಗೆ ಗಂಜಿ ಕಾಯಿಸಿ ಕೊಡಬೇಕು. ಅವನ ಪಡೆಯ ಕುದುರೆ ಪೊಲೀಸರು ಮದುವೆಯಾಗಲು ಮೇಲಿನವರ ಅನುಮತಿ ಬೇಕಿತ್ತು. "ಒಂಟಿ ಠಾಣೆಗೆ ಸಂಬಳವಿಲ್ಲದ ಎರಡನೇ ಆಳು ಸಿಗ್ತಾನೆ ಅಂತಾನೇ ಅನುಮತಿ ಕೊಡೋದು" ಎನ್ನುತ್ತಿದ್ದಳು ನನ್ನಮ್ಮ. ಆಗ ನಕ್ಕಿದ್ದೆ.

ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆದೆ. ಮಿಸೆಸ್ ಟಕ್‌ವೆಲ್ ನಿಂತಿದ್ದರು. ಊರಿನ ನಾಟಕ, ಮದುವೆ, ಶವಯಾತ್ರೆ ಎಲ್ಲದರ ಯಜಮಾನಿಕೆಯೂ ಅವರದೇ. ತೋಳಿನ ಮೇಲೆ ಒಂದು ನೀಲಿ ಉಡುಪು ಮಡಿಚಿಟ್ಟುಕೊಂಡಿದ್ದರು.

"ಶನಿವಾರದ ನಾಟಕಕ್ಕೆ ನಿಮ್ಮ ಯಜಮಾನರು ಬೇಕು, ಹಾಲ್ಯಾ" ಎಂದರು. ಊರು ಹುಟ್ಟಿ ಐವತ್ತು ವರ್ಷವಾಗಿತ್ತು, ಅದರ ಹಬ್ಬ. ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಹಿಮದಲ್ಲಿ ದಾರಿ ತಪ್ಪಿದ ಹುಡುಗಿ, ಅವಳ ಜಮೀನಿನ ಮೇಲೆ ಕಣ್ಣಿಟ್ಟ ಮೀಸೆಯ ಕೇಡಿ, ಕೊನೆಗೆ ಪಡೆಯ ಕೆಂಪು ಕೋಟು ತೊಟ್ಟು ಕುದುರೆಯ ಮೇಲೆ ಹಾಡುತ್ತಾ ಬರುವ ಪೊಲೀಸ್. ಸಿನಿಮಾದಲ್ಲಿ ಅವನನ್ನು ಎಷ್ಟು ಸಲ ನೋಡಿದ್ದೆವೋ. ಬೆಟ್ಟ, ಕುದುರೆ, ಹುಡುಗಿ, ಮೂರೂ ಒಟ್ಟಿಗೆ ಕಂಡರೆ ಸಾಕು, ಅವನ ಬಾಯಿ ತೆರೆದುಕೊಳ್ಳುತ್ತಿತ್ತು.

"ಎಮ್ರಿಸ್‌ಗೆ ಹಾಡೋಕೆ ಬರಲ್ಲ" ಎಂದೆ.

"ಹಾಗಂದ್ರೆ ಹೇಗೆ? ಅವರಪ್ಪ ವೇಲ್ಸಿನವರಲ್ವಾ? ಅಲ್ಲಿ ಗಣಿಯೊಳಗೂ ಹಾಡ್ತಾರಂತೆ."

"ಮಾವ ಹಾಡ್ತಿದ್ರು. ಮಗ ಹಾಡಿದ್ರೆ ನಾಯಿ ಎದ್ದು ಹೊರಗೆ ಹೋಗುತ್ತೆ."

"ನಿಜವಾದ ಪೊಲೀಸ್ ಊರಲ್ಲೇ ಇರುವಾಗ ಬ್ಯಾಂಕಿನ ಗುಮಾಸ್ತನಿಗೆ ಕೆಂಪು ಕೋಟು ತೊಡಿಸೋಕಾಗುತ್ತಾ? ಜೊತೆಗೆ ನೀವಿರ್ತೀರಲ್ಲ, ನೀವೇ ಹುಡುಗಿ" ಎಂದು ನೀಲಿ ಉಡುಪನ್ನು ನನ್ನ ಹೆಗಲಿಗೆ ಹಿಡಿದು ಅಳತೆ ನೋಡಿದರು. "ಚರ್ಚಿನಲ್ಲಿ ನಿಮ್ಮ ದನಿ ಕೇಳಿದೀನಿ."

ಅವರ ಮಾತು ಮುಗಿಯುವ ಮೊದಲೇ ಒಪ್ಪಿಕೊಂಡೆ. ಹುಟ್ಟೂರಿನ ಉಕ್ರೇನಿಯನ್ ಚರ್ಚಿನಲ್ಲಿ ಕ್ರಿಸ್‌ಮಸ್ ಹಾಡುಗಳ ಮೊದಲ ಸಾಲನ್ನು ನಾನು ಒಬ್ಬಳೇ ಎತ್ತುತ್ತಿದ್ದೆ. ಮದುವೆಯಾದ ಮೇಲೆ ವರ್ಗದ ಮೇಲೆ ವರ್ಗ. ಒಂದು ಊರಿನ ಗಾಯಕರ ಗುಂಪಿಗೆ ನನ್ನ ಹೆಸರು ತಿಳಿಯುವಷ್ಟರಲ್ಲಿ ಸಾಮಾನು ಕಟ್ಟಬೇಕಾಗುತ್ತಿತ್ತು. ಭಾನುವಾರದ ಚರ್ಚು ಬಿಟ್ಟರೆ ಈಚೆಗೆ ನನ್ನ ಹಾಡು ಕೇಳುತ್ತಿದ್ದದ್ದು ಬ್ರೆಡ್ಡಿನ ಹಿಟ್ಟು, ಮತ್ತೆ ಮಗಳು ದಾರ್ಕಾ.

ಎಮ್ರಿಸ್ ಊಟಕ್ಕೆ ಬಂದಾಗ ಹೇಳಿದೆ. ಚಮಚ ಕೆಳಗಿಟ್ಟ.

"ನಾನು ಪೊಲೀಸು, ಕೋಗಿಲೆ ಅಲ್ಲ. ಕುದುರೆ ಹತ್ತಿದ್ದು ತರಬೇತಿಯಲ್ಲೇ ಕೊನೆ. ನನಗೆ ಕೊಟ್ಟಿರೋದು ಫೋರ್ಡ್ ಕಾರು."

"ನನಗೋಸ್ಕರ."

ಅವನು ನನ್ನ ಮುಖ ನೋಡಿದ, ಹೂಂ ಎಂದು ಚಮಚ ಎತ್ತಿಕೊಂಡ. ಆದರೆ ಸುದ್ದಿ ಊರೆಲ್ಲ ಹಬ್ಬಿ ಅವನ ಬಾಳು ಕಷ್ಟವಾಯಿತು. ಜೋರಾಗಿ ಕಾರು ಓಡಿಸಿದ ರೈತನನ್ನು ತಡೆದು ದಂಡ ಬರೆಯುತ್ತಿದ್ದರೆ, "ದಂಡ ಕಟ್ತೀನಿ ಕಾನ್‌ಸ್ಟೆಬಲ್, ಒಂದು ಚರಣ ಹಾಡಿಬಿಡಿ" ಎಂದನಂತೆ ಆತ. ಅವನ ಮೇಲಧಿಕಾರಿ ಸಾರ್ಜೆಂಟ್ ಡನ್‌ಫೀಲ್ಡ್ ಕೂಡ ಪಟ್ಟಣದಿಂದ ಫೋನ್ ಮಾಡಿ, ಜನಕ್ಕೆ ಇಂಥದ್ದು ಇಷ್ಟ, ಪಡೆಗೆ ಒಳ್ಳೆ ಹೆಸರು, ತಪ್ಪಿಸಬೇಡ ಎಂದರು.

ಪಾತ್ರೆ ತೊಳೆಯುತ್ತಾ ಅವನಿಗೆ ಹಾಡು ಹೇಳಿಕೊಟ್ಟೆ. ನಾನು ಏರಿದ ಕಡೆ ಅವನು ಇಳಿಯುತ್ತಿದ್ದ. ಬಟ್ಟೆ ಹಿಂಡುವಾಗ ನನ್ನ ಪಾಲಿನ ಸಾಲುಗಳನ್ನು ಹಾಡಿಕೊಂಡೆ. ಉಡುಪಿನ ಸೊಂಟ ಸ್ವಲ್ಪ ಬಿಚ್ಚಿ ಹೊಲಿದೆ.

ಗುರುವಾರ ರೈಲು ಹಳಿ ಕೆಲಸದ ಆಲ್ಫಾನ್ಸ್ ಕುಡಿದು ಬಿಯರ್ ಅಂಗಡಿಯ ಕಿಟಕಿಗೆ ಕುರ್ಚಿ ಎಸೆದ. ಎಮ್ರಿಸ್ ಅವನನ್ನು ಕರೆತಂದು ಒಳಗೆ ಹಾಕಿದ. ಮ್ಯಾಜಿಸ್ಟ್ರೇಟರು ಬರುವುದು ಸೋಮವಾರ. ಒಳಗೆ ಮನುಷ್ಯ ಇದ್ದಾನೆಂದರೆ ಮನೆಯಲ್ಲಿ ಒಬ್ಬರು ಇರಲೇಬೇಕು, ಅದು ನಿಯಮ. ಬೆಂಕಿ ಬಿದ್ದರೆ ಬೀಗ ತೆಗೆಯುವವರು ಯಾರು?

"ಬೇರೆ ಯಾರನ್ನಾದ್ರೂ ಕೂರಿಸು" ಎಂದೆ.

"ಪ್ರಮಾಣ ಮಾಡಿದ ಪೊಲೀಸ್ ಇರಬೇಕು. ಇಲ್ಲಾಂದ್ರೆ ಪೊಲೀಸನ ಹೆಂಡತಿ."

"ನಾನ್ಯಾವಾಗ ಪ್ರಮಾಣ ಮಾಡಿದೆ?"

"ಚರ್ಚಿನಲ್ಲಿ, ನನ್ನ ಪಕ್ಕ ನಿಂತು" ಎಂದು ನಗಲು ನೋಡಿದ. ನಾನು ನಗಲಿಲ್ಲ. ಅವನೂ ನಿಲ್ಲಿಸಿದ.

ಮಿಸೆಸ್ ಟಕ್‌ವೆಲ್ ಸುದ್ದಿ ಕೇಳಿ ಬಂದವರು ಪಾಪ ಪಾಪ ಎಂದರು. "ಕಾನ್‌ಸ್ಟೆಬಲ್ ಇಲ್ದೆ ನಾಟಕ ಇಲ್ಲ. ಹುಡುಗಿ ಯಾರಾದ್ರೂ ಆಗ್ಬಹುದು" ಎಂದು ಉಡುಪನ್ನು ತೆಗೆದುಕೊಂಡು ಹೋಗಿ ಅಂಚೆ ಕಚೇರಿಯ ಮೇವಿಸ್‌ಗೆ ಕೊಟ್ಟರು. ಅವರು ಕೆಟ್ಟವರಲ್ಲ. ಹೋಗುವಾಗ ನನಗೆ ಒಂದು ಸೀಸೆ ರುಬಾರ್ಬ್ ದಂಟಿನ ಜಾಮ್ ಕೊಟ್ಟು ಹೋದರು. ಆ ಸೀಸೆಯನ್ನು ಬೀರುವಿನಲ್ಲಿ ಎಲ್ಲಕ್ಕಿಂತ ಹಿಂದೆ ತಳ್ಳಿದೆ.

ದಾರ್ಕಾ ಬಾಗಿಲಲ್ಲಿ ನಿಂತಿದ್ದಳು. "ಅಮ್ಮ, ನೀನ್ಯಾಕೆ..." ಎಂದಳು. ಕೋಳಿಗೆ ಕಾಳು ಹಾಕಿ ಬಾ ಎಂದು ಕಳಿಸಿದೆ. ಮಗುವಿನ ಮೇಲೆ ಸಿಡುಕಬಾರದಲ್ಲ.

ಶನಿವಾರ ಬೆಳಿಗ್ಗೆ ಮೇವಿಸ್ ಫೋನ್ ಮಾಡಿದಳು. "ಮಿಸೆಸ್ ಪ್ಯೂ, ನನ್ನ ಕೈಲಾಗಲ್ಲ. ಒಂದು ಸಾಲೂ ನೆನಪಿಲ್ಲ. ನಾಟಕ ಶುರುವಾಗೋ ಮುಂಚೆ ನೀವು ಬಂದ್ಬಿಟ್ರೆ ನಾನು ಬದುಕ್ಕೊಂಡೆ. ಉಡುಪು ಇಸ್ತ್ರಿ ಮಾಡಿ ಇಟ್ಟಿರ್ತೀನಿ."

ಎಮ್ರಿಸ್‌ಗೆ ಹೇಳಿದೆ. "ಮಧ್ಯಾಹ್ನ ಸಾರ್ಜೆಂಟ್ ನಾಟಕ ನೋಡೋಕೆ ಬರ್ತಿದಾರೆ. ಅವರೂ ಪೊಲೀಸೇ ತಾನೆ. ಒಂದು ಗಂಟೆ ಇಲ್ಲಿ ಕೂರಲಿ."

"ಕೇಳ್ತೀನಿ" ಎಂದ.

"ಊಟಕ್ಕೆ ಕೂತಾಗಲೇ ಕೇಳು."

"ಕೇಳ್ತೀನಿ ಅಂದ್ನಲ್ಲ."

ಸಾರ್ಜೆಂಟ್ ಬಂದರು, ಹ್ಯಾಟು ತೆಗೆದು ನನಗೆ ವಂದಿಸಿದರು, ಮೇಜಿನ ತುದಿಯ ದೊಡ್ಡ ಕುರ್ಚಿಯಲ್ಲಿ ಕೂತರು. ಆಲೂಗಡ್ಡೆ ತುಂಬಿದ ವರೆನಿಕಿ ಕಡುಬು ಬೇಯಿಸಿದ್ದೆ. ಅದರ ಮೇಲೆ ಹುಳಿ ಕೆನೆ ಸುರಿದುಕೊಂಡು ತಿಂದರು, ಇನ್ನೊಂದು ತಟ್ಟೆ ಹಾಕಿಸಿಕೊಂಡರು, ನಿಮ್ಮಂಥ ಹೆಂಡತಿಯರಿರೋದ್ರಿಂದಲೇ ನಮ್ಮ ಪಡೆ ನಡೀತಿರೋದು ಎಂದರು. ಎಮ್ರಿಸ್ ಕೆಂಪು ಕೋಟು ತೊಟ್ಟು ಕೂತಿದ್ದ. ಕಾಲರಿನ ಬಿಗಿಗೆ ಕುತ್ತಿಗೆಯೂ ಕೋಟಿನ ಬಣ್ಣಕ್ಕೆ ತಿರುಗಿತ್ತು. ನಾನು ಅವನ ಕಡೆ ನೋಡಿದೆ. ಅವನು ಉಪ್ಪಿನ ಡಬ್ಬಿ ನೋಡಿದ.

"ಎಲ್ಲಿ ಪ್ಯೂ, ಒಂದು ಸಲ ಹಾಡು ಕೇಳೋಣ" ಎಂದರು ಸಾರ್ಜೆಂಟ್.

ಎಮ್ರಿಸ್ ಎದ್ದು ನಿಂತು ಶುರುಮಾಡಿದ. ಎರಡನೇ ಸಾಲಿಗೇ ದಾರಿ ತಪ್ಪಿತು. ಒಲೆಯ ಮುಂದಿನಿಂದ ನಾನು ಸಾಲನ್ನು ಎತ್ತಿಕೊಟ್ಟೆ. ಅವನು ಹಿಡಿದುಕೊಂಡ, ಮತ್ತೆ ಕೈಬಿಟ್ಟ. ಕೊನೆಗೆ ಚರಣ ಪೂರ್ತಿ ನಾನೇ ಹಾಡಿದ್ದೆ, ಕೈಯಲ್ಲಿ ಜಾಲರಿ ಸೌಟು ಹಿಡಿದುಕೊಂಡು.

ಗೋಡೆಯ ಆಚೆಯಿಂದ ಆಲ್ಫಾನ್ಸ್ ಕೂಗಿದ, "ಸಾಹೇಬ್ರನ್ನ ಕೂರಿಸಿ ಮೇಡಂ, ನೀವೇ ಹಾಡಿ. ನನಗೆ ಈಗಲೇ ಶಿಕ್ಷೆ ಶುರು ಮಾಡ್ಬೇಡಿ."

ಸಾರ್ಜೆಂಟ್ ಹೊಟ್ಟೆ ಹಿಡಿದು ನಕ್ಕರು. "ಒಳ್ಳೆ ಗುರು ಸಿಕ್ಕಿದಾರೆ ಪ್ಯೂ. ಪಾಪ, ಇವರಿಗೆ ನಾಟಕ ತಪ್ಪಿಹೋಯ್ತಲ್ಲ" ಎಂದು ಗಡಿಯಾರ ನೋಡಿದರು. "ನಡಿ, ಮುಂದಿನ ಸಾಲಲ್ಲಿ ನನಗೆ ಕುರ್ಚಿ ಇಟ್ಟಿದಾರಂತೆ."

ಈಗ ಕೇಳುತ್ತಾನೆ ಎಂದುಕೊಂಡೆ. ಎಮ್ರಿಸ್ ಬಾಯಿ ತೆರೆದ. "ಹಾಲ್ಯಾ, ನನ್ನ ಹ್ಯಾಟು ಎಲ್ಲಿ?" ಎಂದ.

ಹ್ಯಾಟು ತಂದು ಕೊಟ್ಟೆ. ಅವನು ನನ್ನ ಕಣ್ಣು ತಪ್ಪಿಸಿ ಅದರ ಅಂಚನ್ನು ತಿರುಗಿಸುತ್ತಾ ನಿಂತ. ನಾನೇ ಕೇಳಬಹುದಿತ್ತು. ಆದರೆ ಕಾನ್‌ಸ್ಟೆಬಲನ ಹೆಂಡತಿ ಸಾರ್ಜೆಂಟ್‌ಗೆ ಕೆಲಸ ಹೇಳಿದಳು ಎಂಬ ಮಾತು ಅವನ ಮುಂದಿನ ಬಡ್ತಿಯವರೆಗೂ ಅವನ ಬೆನ್ನು ಹತ್ತುತ್ತದೆ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸತೊಡಗಿದೆ.

ಮೇಜಿನ ಮೂಲೆಯಲ್ಲಿ ಇನ್ನೂ ತಿನ್ನುತ್ತಿದ್ದ ದಾರ್ಕಾ ಫೋರ್ಕ್ ಕೆಳಗಿಟ್ಟಳು. ಕೆನೆ ಮೆತ್ತಿದ ಬಾಯಿಯನ್ನು ತೋಳಿನಿಂದ ಒರೆಸಿಕೊಂಡು ಸಾರ್ಜೆಂಟರ ಕಡೆ ತಿರುಗಿದಳು. ಕೋಳಿಗೆ ಕಾಳು ಹಾಕಿ ಬಾ ಎನ್ನಬೇಕಿತ್ತು ನಾನು. ಅನ್ನಲಿಲ್ಲ.

"ನೀವೂ ಪೊಲೀಸಲ್ವಾ?" ಎಂದಳು. "ಅಪ್ಪ ಅಮ್ಮ ಹೋಗಿ ಹಾಡಿ ಬರೋವರೆಗೂ ಆಲ್ಫಾನ್ಸ್ ಹತ್ರ ನೀವ್ಯಾಕೆ ಕೂತ್ಕೋಬಾರ್ದು?"